ಹರಳಿನ ಓಲೆ ತೊಳೆಯುವ ಮೊದಲು ಹಿಂದೆ ತಿರುಗಿಸಿ ನೋಡಿ: ಮನೆಯಲ್ಲೇ ಮಾಡುವ ಆರೈಕೆ, ಹಂತ ಹಂತವಾಗಿ

ವಜ್ರದ ಬೆಂಡೋಲೆ ತೊಳೆದ ಎರಡೇ ದಿನಕ್ಕೆ ಮತ್ತೆ ಮಂಕಾಗುತ್ತದೆ. ಕೆಂಪಿನ ಓಲೆಯನ್ನು ಸೋಪುನೀರಿನಲ್ಲಿ ನೆನೆಸಿ ತೆಗೆದರೆ ಒಂದೆರಡು ಹರಳು ಕಪ್ಪಿಟ್ಟಿರುತ್ತವೆ. ಜುಮುಕಿಯ ಮುತ್ತುಗಳು ಕಾಂತಿ ಕಳೆದುಕೊಂಡು ಸುಣ್ಣ ಬಳಿದಂತೆ ಕಾಣುತ್ತವೆ. ಮೂರೂ ಬೇರೆ ಬೇರೆ ತೊಂದರೆಗಳು, ಆದರೆ ತಪ್ಪು ಶುರುವಾಗುವ ಜಾಗ ಒಂದೇ. ಓಲೆಯ ಮುಖ ನೋಡಿ ತೊಳೆಯುವ ಬಗೆಯನ್ನು ತೀರ್ಮಾನಿಸುತ್ತೇವೆ. ತೀರ್ಮಾನಿಸಬೇಕಾದ್ದು ಬೆನ್ನು ನೋಡಿ.

ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ನೀರು ಬರುವುದು 6ನೇ ಹಂತದಲ್ಲಿ. ಅದಕ್ಕೂ ಮುಂಚಿನ ಐದು ಹಂತಗಳನ್ನು ಹಾರಿಸಿ ನೇರವಾಗಿ ಬೋಗುಣಿಗೆ ಹಾಕಿದಾಗಲೇ ಹೆಚ್ಚಿನ ನಷ್ಟವಾಗುವುದು.

## ಹಂತ 1: ಸಾಮಾನು ಜೋಡಿಸಿಕೊಳ್ಳಿ

ಅಂಚಿರುವ ಒಂದು ತಟ್ಟೆ, ಅದರ ಮೇಲೆ ಹಾಸಲು ಬಿಳಿ ಬಟ್ಟೆ. ಎರಡು ಚಿಕ್ಕ ಪ್ಲಾಸ್ಟಿಕ್ ಇಲ್ಲವೇ ಗಾಜಿನ ಬೋಗುಣಿ. ಮಕ್ಕಳ ಹಲ್ಲುಜ್ಜುವ ಅತಿ ಮೆತ್ತನೆಯ ಬ್ರಷ್, ಹೊಸದು. ಪೇಸ್ಟ್ ಮುಟ್ಟಿಸಿದ ಹಳೆಯದು ಬೇಡ. ಮರದ ಹಲ್ಲುಕಡ್ಡಿ. ಬಣ್ಣ, ಪರಿಮಳ, ಬ್ಲೀಚ್ ಇಲ್ಲದ ಪಾತ್ರೆ ತೊಳೆಯುವ ದ್ರವ. ಒಗೆದೊಗೆದು ಮೆತ್ತಗಾದ ಹಳೆ ಪಂಚೆ ಅಥವಾ ಮಲ್ ಬಟ್ಟೆಯ ತುಂಡುಗಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಅದಿಲ್ಲದಿದ್ದರೆ ಮೊಬೈಲ್ ಕ್ಯಾಮೆರಾದ ಜೂಮ್ ಸಾಕು.

ಇವುಗಳ ಜೊತೆ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಒಳ್ಳೆಯದು. 1 ಕ್ಯಾರೆಟ್ ಎಂದರೆ 0.2 ಗ್ರಾಂ. ಅಂದರೆ 10 ಸೆಂಟಿನ ಒಂದು ವಜ್ರ ಉದುರಿದರೆ ಕಡಿಮೆಯಾಗುವ ತೂಕ ಬರೀ 0.02 ಗ್ರಾಂ. ಅಡುಗೆಮನೆಯ ತಕ್ಕಡಿಗೆ ಇದು ತಿಳಿಯುವುದೇ ಇಲ್ಲ.

ಸಿಂಕಿನ ಹತ್ತಿರ ಈ ಕೆಲಸ ಬೇಡ. ಊಟದ ಮೇಜಿನ ಮೇಲೆ ಅಥವಾ ನೆಲದ ಮೇಲೆ ಚಾಪೆ ಹಾಸಿ, ಫ್ಯಾನ್ ಆರಿಸಿ ಕುಳಿತುಕೊಳ್ಳಿ.

## ಹಂತ 2: ಓಲೆಯ ಬೆನ್ನು ನೋಡಿ

ಓಲೆಯನ್ನು ಮಗುಚಿ ಬೆಳಕಿಗೆ ಹಿಡಿಯಿರಿ. ಪ್ರತಿ ಹರಳಿನ ಹಿಂದೆ ಕಿಂಡಿ ಇದ್ದು, ಅದರೊಳಗಿಂದ ಹರಳಿನ ಚೂಪಾದ ತಳ ಕಾಣುತ್ತಿದ್ದರೆ ಅದು ಓಪನ್ ಸೆಟ್ಟಿಂಗ್. ಈಚಿನ ವಜ್ರದೋಲೆಗಳು ಹೆಚ್ಚಾಗಿ ಹೀಗಿರುತ್ತವೆ. ನೀರು ಒಳಗೆ ಹೋದರೂ ಹೊರಗೆ ಬರಲು ದಾರಿ ಇರುವುದರಿಂದ ಇದನ್ನು ತೊಳೆಯಬಹುದು.

ಹಿಂದೆ ಬರೀ ಚಿನ್ನದ ತಗಡಿದ್ದು ಹರಳಿನ ತಳ ಕಾಣದಿದ್ದರೆ ಅದು ಕ್ಲೋಸ್ಡ್ ಸೆಟ್ಟಿಂಗ್. ಅಜ್ಜಿ ಕಾಲದ ಬೆಂಡೋಲೆಗಳು, ದೇವಾಲಯ ಶೈಲಿಯ ಕೆಂಪು-ಪಚ್ಚೆ ಓಲೆಗಳು, ಕುಂದಣದ ಕೆಲಸ ಇವೆಲ್ಲ ಬಹುಪಾಲು ಈ ಗುಂಪಿಗೆ ಸೇರುತ್ತವೆ. ಇಂಥ ಎಷ್ಟೋ ಓಲೆಗಳಲ್ಲಿ ಹರಳಿನ ಅಡಿ ಹೊಳೆಯುವ ತೆಳು ತಗಡು, ಅದರ ಕೆಳಗೆ ಅರಗು ತುಂಬಿರುತ್ತದೆ. ಹರಳಿನ ಬಣ್ಣಕ್ಕೆ ಜೀವ ಕೊಡುವುದೇ ಆ ತಗಡು. ಅಂಚಿನ ಕೂದಲೆಳೆಯಷ್ಟು ಸಂದಿಯಿಂದ ನೀರು ನುಗ್ಗಿದರೆ ಆ ತಗಡು ಕಪ್ಪಾಗುತ್ತದೆ. ಆಮೇಲೆ ಎಷ್ಟು ಒರೆಸಿದರೂ ಹರಳು ಬೆಳಗುವುದಿಲ್ಲ, ಏಕೆಂದರೆ ಕೊಳೆ ಇರುವುದು ಹರಳಿನ ಕೆಳಗೆ. ಅರಗಿಗೆ ಬಿಸಿಯೂ ಆಗದು. ಕುದಿನೀರಿರಲಿ, ಹೇರ್ ಡ್ರೈಯರಿನ ಗಾಳಿ ತಾಗಿದರೂ ಮೆತ್ತಗಾಗಿ ಹರಳು ಜರುಗುತ್ತದೆ.

ಇನ್ನೊಂದು ಗುಂಪು ಅಂಟಿನದು. ಮುತ್ತಿನ ಒಂಟಿ ಓಲೆಗಳಲ್ಲಿ ಮುತ್ತಿಗೆ ಅರ್ಧ ತೂತು ಕೊರೆದು, ಚಿನ್ನದ ಮೊಳೆಯ ಮೇಲೆ ಅಂಟು ಹಾಕಿ ಕೂರಿಸಿರುತ್ತಾರೆ. ನೆನೆಸಿಟ್ಟರೆ ಅಂಟು ಸಡಿಲವಾಗುತ್ತದೆ.

ಯಾವ ಗುಂಪು ಎಂದು ಅನುಮಾನವಿದ್ದರೆ ಕ್ಲೋಸ್ಡ್ ಎಂದೇ ತಿಳಿದು, 5ನೇ ಹಂತದವರೆಗಿನದನ್ನು ಮುಗಿಸಿ 9ನೇ ಹಂತಕ್ಕೆ ಹೋಗಿ.

## ಹಂತ 3: ಹರಳು ಯಾವುದೆಂದು ಖಚಿತಪಡಿಸಿಕೊಳ್ಳಿ

ಗಡಸುತನದ ಮೋಸ್ ಮಾಪಕದಲ್ಲಿ ವಜ್ರ 10, ಕೆಂಪು ಮತ್ತು ನೀಲ 9, ವೈಡೂರ್ಯ 8.5, ಪಚ್ಚೆ 7.5ರಿಂದ 8. ಗೋಮೇಧಿಕ 7ರ ಆಸುಪಾಸು. ಹವಳ 3ರಿಂದ 4, ಮುತ್ತು 2.5ರಿಂದ 4.5. ಮನೆಯ ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ, ಅವುಗಳ ಗಡಸುತನ 7. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಮುತ್ತು, ಹವಳಗಳ ಮೇಲೆ ಗೀರು ಬೀಳುವುದು ಈ ಕಾರಣಕ್ಕೆ.

ಗಡಸುತನವೊಂದನ್ನೇ ನಂಬಿಕೊಂಡರೂ ಮೋಸಹೋಗುತ್ತೇವೆ. ಪಚ್ಚೆ ಗಟ್ಟಿಯೇ, ಆದರೆ ಅದರ ಮೈತುಂಬ ಬಿರುಕುಗಳು. ಆ ಬಿರುಕು ಕಾಣದಿರಲೆಂದು ಎಣ್ಣೆ ಅಥವಾ ರಾಳ ತುಂಬುವುದು ವ್ಯಾಪಾರದಲ್ಲಿ ಮಾಮೂಲು. ಕೆಂಪಿನಲ್ಲೂ ಸೀಸದ ಗಾಜು ತುಂಬಿದ ಹರಳುಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಅಂಥದಕ್ಕೆ ನಿಂಬೆರಸ ತಾಗಿದರೂ ಒಳಗಿನ ಗಾಜು ಕರಗಿ, ಹರಳಿನ ಮೈಮೇಲೆ ಬಿಳಿ ಬಲೆಯಂಥ ಗೆರೆಗಳು ಮೂಡುತ್ತವೆ. ಅವು ಮತ್ತೆ ಹೋಗುವುದಿಲ್ಲ. ಕೊಂಡಾಗ ಕೊಟ್ಟ ಪ್ರಮಾಣಪತ್ರ ತೆಗೆದು ಓದಿ. ಅದಿಲ್ಲದಿದ್ದರೆ ಭೂತಗನ್ನಡಿಯಲ್ಲಿ ನೋಡಿ: ಒಳಗೆ ದುಂಡನೆಯ ಗಾಳಿಗುಳ್ಳೆ ಅಥವಾ ಅಲುಗಾಡಿಸಿದಾಗ ನೀಲಿ ಮಿಂಚು ಕಂಡರೆ ಗಾಜು ತುಂಬಿರುವ ಸಾಧ್ಯತೆ ಹೆಚ್ಚು.

ನವರತ್ನದೋಲೆಯ ವಿಷಯದಲ್ಲಿ ಬಹಳಷ್ಟು ಜನ ಎಡವುತ್ತಾರೆ. ಅದರಲ್ಲಿ ವಜ್ರದ ಪಕ್ಕದಲ್ಲೇ ಮುತ್ತು, ಹವಳ ಇರುತ್ತವೆ. ಹಲವು ಹರಳಿರುವ ಓಲೆಗೆ ಅದರಲ್ಲಿನ ಅತಿ ನಾಜೂಕು ಹರಳಿನ ನಿಯಮವೇ ಅನ್ವಯ. ಹಾಗಾಗಿ ನವರತ್ನದೋಲೆಯನ್ನು ಮುತ್ತಿನ ಓಲೆಯೆಂದೇ ಎಣಿಸಿ.

## ಹಂತ 4: ಹರಳು ಸಡಿಲವಾಗಿದೆಯೇ ಪರೀಕ್ಷಿಸಿ

ಬ್ರಷ್ ತಾಗುವ ಮೊದಲು ಇದಾಗಲೇಬೇಕು. ಕೊಳೆ ಕೆಲವೊಮ್ಮೆ ಅಂಟಿನಂತೆ ಹರಳನ್ನು ಹಿಡಿದಿಟ್ಟಿರುತ್ತದೆ. ತೊಳೆದಾಗ ಕೊಳೆಯ ಜೊತೆ ಹರಳೂ ಹೋಗುತ್ತದೆ.

ಓಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಕಿವಿಯ ಹತ್ತಿರ ತಂದು, ಇನ್ನೊಂದು ಕೈಯ ಬೆರಳಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಕಟಕಟ ಸದ್ದು ಬಂದರೆ ಯಾವುದೋ ಹರಳು ಅಲ್ಲಾಡುತ್ತಿದೆ. ಯಾವುದೆಂದು ತಿಳಿಯಲು ಹಲ್ಲುಕಡ್ಡಿಯ ತುದಿಯಿಂದ ಒಂದೊಂದೇ ಹರಳನ್ನು ಪಕ್ಕಕ್ಕೆ ತಳ್ಳಿನೋಡಿ. ಸೂಜಿ, ಪಿನ್ನು ಬೇಡ. ಏಳು ಹರಳಿನ ಬೆಂಡೋಲೆಯಲ್ಲಿ ನಡುವಿನದಕ್ಕಿಂತ ಸುತ್ತಲಿನ ಆರರ ಹೊರ ಅಂಚಿಗೆ ಹೆಚ್ಚು ಪೆಟ್ಟು. ಕೂದಲು, ಸೆರಗು, ದಿಂಬು, ಹೆಲ್ಮೆಟ್ ಎಲ್ಲವೂ ಉಜ್ಜುವುದು ಅಲ್ಲೇ.

ಬಳಿಕ ಮಲ್ ಬಟ್ಟೆಯನ್ನು ಓಲೆಯ ಮುಖದ ಮೇಲೆ ಹಗುರವಾಗಿ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ಹರಳನ್ನು ಹಿಡಿದಿರುವ ಹಲ್ಲು ಎದ್ದಿದೆ ಎಂದರ್ಥ. ಅದನ್ನು ನೀವೇ ಒತ್ತಿ ಕೂರಿಸಲು ಹೋಗಬೇಡಿ. ಸವೆದ ಹಲ್ಲು ಮುರಿಯುತ್ತದೆ, ಇಲ್ಲವೇ ಪಚ್ಚೆಯಂಥ ಹರಳಿನ ಅಂಚು ಚಕ್ಕೆಯೇಳುತ್ತದೆ.

ಸದ್ದು ಬಂದರೂ ಸರಿ, ನೂಲು ಸಿಕ್ಕಿದರೂ ಸರಿ, ಕೆಲಸ ಅಲ್ಲಿಗೇ ನಿಲ್ಲಿಸಿ. ಓಲೆಯನ್ನು ಜಿಪ್ ಚೀಲದಲ್ಲಿ ಹಾಕಿ ಅಕ್ಕಸಾಲಿಗರಲ್ಲಿಗೆ ಒಯ್ಯಿರಿ. ಚೀಲ ಯಾಕೆಂದರೆ, ದಾರಿಯಲ್ಲಿ ಹರಳು ಉದುರಿದರೂ ಒಳಗೇ ಇರುತ್ತದೆ.

ಎಲ್ಲ ಸರಿಯಿದ್ದರೆ ಹಿಂದೆ ಮುಂದೆ ಒಂದೊಂದು ಫೋಟೋ ತೆಗೆದು, ಎರಡೂ ಓಲೆಗಳ ತೂಕವನ್ನು ಬೇರೆ ಬೇರೆ ಬರೆದಿಡಿ.

## ಹಂತ 5: ತಿರುಪು ಬಿಚ್ಚಿ, ಎಡ-ಬಲ ಬೆರೆಸಬೇಡಿ

ಕೈಯಿಂದ ಮಾಡಿದ ಓಲೆಗಳಲ್ಲಿ ಪ್ರತಿ ತಿರುಪಿನ ಥ್ರೆಡ್ಡನ್ನು, ಕಿವಿಯ ತೂತಿಗೆ ಹೋಗುವ ಅದರ ಕಡ್ಡಿಗೇ ಹೊಂದಿಸಿರುತ್ತಾರೆ. ಎಡದ ತಿರುಪನ್ನು ಬಲದ ಓಲೆಗೆ ಹಾಕಿದರೆ ಮೊದಲ ಸುತ್ತೇನೋ ಹೋಗುತ್ತದೆ, ಎರಡನೆಯದು ಬಿಗಿಯುತ್ತದೆ. ಆಗ ಬಲವಾಗಿ ತಿರುಗಿಸಿದಿರೋ, ಮೆತ್ತನೆಯ 22 ಕ್ಯಾರೆಟ್ ಚಿನ್ನದ ಥ್ರೆಡ್ ಹಾಳು. ತಿರುಪು ನಿಲ್ಲದೆ ಓಲೆ ಕಳೆದುಹೋಗುವುದಕ್ಕೆ ಮೂಲ ಎಷ್ಟೋ ಸಲ ಹೀಗೆ ಎಂದೋ ಅದಲುಬದಲಾದ ಜೋಡಿ. ಆದ್ದರಿಂದಲೇ ಬೋಗುಣಿ ಎರಡು ಇಟ್ಟುಕೊಳ್ಳಲು ಹೇಳಿದ್ದು: ಒಂದರಲ್ಲಿ ಎಡದ ಓಲೆ ಮತ್ತು ಅದರ ತಿರುಪು, ಇನ್ನೊಂದರಲ್ಲಿ ಬಲದ್ದು.

ತಿರುಪು ಕಚ್ಚಿಕೊಂಡಿದೆಯೇ? ಒಣಗಿದ ಸೋಪು, ಬೆವರು, ಚರ್ಮದ ಹೊಟ್ಟು ಥ್ರೆಡ್ಡಿನಲ್ಲಿ ಗಟ್ಟಿಯಾಗಿರುತ್ತದೆ. ಇಕ್ಕಳ ಹಿಡಿಯಬೇಡಿ, ತಿರುಪಿನ ಬದಲು ಕಡ್ಡಿಯೇ ಬುಡದಿಂದ ತಿರುಚಿ ಬರುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಸೋಪುನೀರನ್ನು ಥ್ರೆಡ್ ಸಂದಿಗೆ ಬಿಡಿ. ಹತ್ತು ಹದಿನೈದು ನಿಮಿಷ ಕಾಯಿರಿ. ಆಮೇಲೆ ತಿರುಪಿಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಓಲೆಯ ಹೂವನ್ನು ಗಟ್ಟಿಯಾಗಿ ಹಿಡಿದು, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಹೊರಡದಿದ್ದರೆ ಮೊದಲು ಚೂರು ಬಿಗಿಸಿ, ಆಮೇಲೆ ಸಡಿಲಿಸಿ. ಕ್ಲೋಸ್ಡ್ ಓಲೆಗಾದರೆ ಸೋಪುನೀರಿನ ಬದಲು ಅರ್ಧ ಹನಿ ಕೊಬ್ಬರಿ ಎಣ್ಣೆ, ಅದೂ ಓಲೆಯ ಕಡ್ಡಿಯ ತುದಿಗಷ್ಟೇ. ಕಿವಿಯಲ್ಲಿದ್ದಾಗಲೇ ಕಚ್ಚಿಕೊಂಡು ಕಿವಿ ಊದಿದ್ದರೆ ಮನೆಯಲ್ಲಿ ಎಳೆದಾಡದೆ ವೈದ್ಯರ ಹತ್ತಿರ ಹೋಗಿ.

## ಹಂತ 6: ವಜ್ರ, ಕೆಂಪು, ನೀಲ — ಓಪನ್ ಸೆಟ್ಟಿಂಗ್ ತೊಳೆಯುವುದು

ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಗಣಿಗಳಲ್ಲಿ ಪುಡಿಮಾಡಿದ ಅದಿರನ್ನು ನೀರಿನ ಜೊತೆ ಗ್ರೀಸ್ ಬಳಿದ ಹಲಗೆಯ ಮೇಲೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದದ್ದು ಈ ಗುಣವನ್ನೇ ನಂಬಿ. ನಿಮ್ಮ ತಲೆಯ ಎಣ್ಣೆ, ಕೆನ್ನೆಯ ಕ್ರೀಮು ಓಲೆಯ ಬೆನ್ನಿಗೆ ಹತ್ತುವುದೂ ಹಾಗೆಯೇ. ಮುಖದಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ವಾಪಸು ಬಂದರೆ ವಜ್ರ ಮಿನುಗುತ್ತದೆ. ತಳಕ್ಕೆ ಜಿಡ್ಡು ಹತ್ತಿದರೆ ಬೆಳಕು ಅಲ್ಲಿಂದಲೇ ಸೋರಿಹೋಗುತ್ತದೆ. ಮುಖವನ್ನು ಮಾತ್ರ ಉಜ್ಜಿದ ಬೆಂಡೋಲೆ ಎರಡು ದಿನದಲ್ಲಿ ಮಂಕಾಯಿತು ಎನ್ನುವವರ ಓಲೆ ನಿಜವಾಗಿ ಶುದ್ಧವಾಗಿಯೇ ಇರಲಿಲ್ಲ.

1. ಪ್ರತಿ ಬೋಗುಣಿಗೆ ಒಂದು ಲೋಟ, ಅಂದರೆ ಸುಮಾರು 200 ಮಿಲಿಲೀಟರ್ ಉಗುರುಬೆಚ್ಚಗಿನ ನೀರು, 3-4 ಹನಿ ಪಾತ್ರೆ ತೊಳೆಯುವ ದ್ರವ. ಮುಂಗೈ ಮೇಲೆ ಹಾಕಿಕೊಂಡರೆ ಹಿತವಾಗಿರಬೇಕು. ಅದಕ್ಕಿಂತ ಬಿಸಿ ಬೇಡ.

2. ಓಲೆಯನ್ನು ಬೆನ್ನು ಮೇಲಾಗಿ 15-20 ನಿಮಿಷ ನೆನೆಯಲು ಬಿಡಿ. ತಿಂಗಳುಗಟ್ಟಲೆ ತೊಳೆಯದ್ದಾದರೆ 30 ನಿಮಿಷ, ನೀರು ಒಮ್ಮೆ ಬದಲಿಸಿ.

3. ತಟ್ಟೆಯ ಮೇಲೆ ಇಟ್ಟು, ಬ್ರಷ್‌ನಿಂದ ಮೊದಲು ಬೆನ್ನು. ಉಜ್ಜಬೇಡಿ, ಕುಟ್ಟಿದಂತೆ ಮಾಡಿ: ಎಳೆಗಳ ತುದಿ ಕಿಂಡಿಯೊಳಗೆ ಇಳಿದು ಹರಳಿನ ತಳ ಮುಟ್ಟಬೇಕು. ಒಂದೊಂದು ಕಿಂಡಿಗೆ ಹತ್ತು ಸಲ. ಕಿಂಡಿಯ ಮೂಲೆಯಲ್ಲಿ ಸೀಗೆಪುಡಿ, ಕಡಲೆಹಿಟ್ಟು ಕೂತಿದ್ದರೆ ನೆಂದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಎಣ್ಣೆ ಸ್ನಾನದ ದಿನ ಓಲೆ ತೆಗೆಯದವರ ಕಿಂಡಿಗಳಲ್ಲಿ ಇದು ಸಿಮೆಂಟಿನಂತಾಗಿರುತ್ತದೆ. ಒಂದೇ ದಿನ ತೆಗೆಯಲು ಹಟ ಹಿಡಿಯದೆ ಮೂರು ದಿನಕ್ಕೆ ಹಂಚಿಕೊಳ್ಳಿ.

4. ಆಮೇಲೆ ಬದಿಗಳು, ಕಡ್ಡಿಯ ಬುಡ, ತಿರುಪಿನ ಒಳಗು. ಕೊನೆಗೆ ಮುಖ, ಎರಡು ಮೂರು ಸಲ ಆಡಿಸಿದರೆ ಸಾಕು.

5. ಹೊಸ ಬೋಗುಣಿ ನೀರಿನಲ್ಲಿ ಎರಡು ಸಲ ಜಾಲಿಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಕೊಳವೆಬಾವಿಯ ಗಡಸು ನೀರಿದ್ದರೆ ಕೊನೆಯ ಜಾಲಿಸುವಿಕೆಗೆ ಕುಡಿಯುವ ಶುದ್ಧೀಕರಿಸಿದ ನೀರು ಬಳಸಿ. ಗಡಸು ನೀರು ಹಾಗೇ ಆರಿದರೆ ಹರಳಿನ ಮೇಲೆ ಬಿಳಿ ಪೊರೆ ಉಳಿಯುತ್ತದೆ.

6. ಬಳಸಿದ ನೀರನ್ನು ಚೆಲ್ಲುವ ಮೊದಲು ಬಿಳಿ ಬಟ್ಟೆಯಲ್ಲಿ ಸೋಸಿ. ಹರಳು ಉದುರಿದ್ದರೆ ಸಿಗುವುದು ಅಲ್ಲೇ.

ಟೂತ್‌ಪೇಸ್ಟ್, ಅಡುಗೆ ಸೋಡಾ, ವಿಭೂತಿ, ಪಾತ್ರೆ ಪುಡಿ ಇವುಗಳಿಂದ ವಜ್ರಕ್ಕೆ ಏನೂ ಆಗದಿರಬಹುದು, ಸುತ್ತಲಿನ ಚಿನ್ನ ಸವೆಯುತ್ತದೆ. ವಜ್ರದ ಸುತ್ತ ಬೆಳ್ಳಗೆ ಕಾಣುವುದು ಬಹಳ ಕಡೆ ರೋಡಿಯಂ ಎಂಬ ಬಿಳಿ ಲೋಹದ ಲೇಪ. ಅದು ಹೋದರೆ ಅಡಿಯ ಹಳದಿ ತೇಪೆತೇಪೆಯಾಗಿ ಇಣುಕುತ್ತದೆ. ಬ್ಲೀಚ್ ಮತ್ತು ಈಜುಕೊಳದ ಕ್ಲೋರಿನ್ ಚಿನ್ನದಲ್ಲಿ ಬೆರೆತ ಲೋಹವನ್ನು ತಿನ್ನುತ್ತವೆ. 75 ಶೇಕಡಾ ಚಿನ್ನವಿರುವ 18 ಕ್ಯಾರೆಟ್ ವಜ್ರದೋಲೆಗಳಲ್ಲಿ ಈ ಬೆರಕೆ ಹೆಚ್ಚಿರುವುದರಿಂದ ಹಾನಿಯೂ ಹೆಚ್ಚು.

ಶಬ್ದತರಂಗದ ಕಂಪನದಿಂದ ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರ ಮನೆಗೆ ತರಿಸಿಕೊಂಡವರು ನೆನಪಿಡಿ: ಹರಳು ಬಿಗಿಯಾಗಿರುವ, ಯಾವ ತುಂಬುವಿಕೆಯೂ ಇಲ್ಲದ ವಜ್ರ, ಕೆಂಪು, ನೀಲಗಳಿಗಷ್ಟೇ ಅದು ಸರಿ. ಪಚ್ಚೆ, ಮುತ್ತು, ಹವಳ, ಓಪಲ್, ಕ್ಲೋಸ್ಡ್ ಸೆಟ್ಟಿಂಗ್ ಇವ್ಯಾವುದನ್ನೂ ಅದರಲ್ಲಿ ಹಾಕಬಾರದು.

## ಹಂತ 7: ಪಚ್ಚೆಗೆ ಬೇರೆ ದಾರಿ

ನೆನೆಸಬೇಡಿ. ಬಿಸಿನೀರು, ಹಬೆ, ಸ್ಪಿರಿಟ್ ಮೂರೂ ಬಿರುಕಿನೊಳಗಿನ ಎಣ್ಣೆಯನ್ನು ಹೊರಗೆಳೆಯುತ್ತವೆ. ತಣ್ಣೀರಿಗೆ ಒಂದು ಹನಿ ಸೋಪು ಹಾಕಿ, ಬ್ರಷ್ ಅದ್ದಿ ಕೊಡವಿ, ಬೆನ್ನಿಗೆ ಅರ್ಧ ನಿಮಿಷ ಆಡಿಸಿ, ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ ಮುಗಿಸಿ. ಹಿಂದೆಂದೂ ಕಾಣದ ಬಿಳಿ ಗೆರೆಗಳು ಈಗ ಕಾಣುತ್ತಿದ್ದರೆ ಎಣ್ಣೆ ಆರಿದೆ. ಅದು ಒಡಕಲ್ಲ, ಹರಳಿನ ವ್ಯಾಪಾರಿಗಳಲ್ಲಿ ಮತ್ತೆ ಎಣ್ಣೆ ಹಾಕಿಸಬಹುದು. ಅಡುಗೆ ಎಣ್ಣೆ ಹಚ್ಚಿ ನೋಡುವ ಪ್ರಯೋಗ ಬೇಡ, ಅದು ಕಮಟಾಗಿ ಕೊಳೆ ಹಿಡಿಯುತ್ತದೆ.

## ಹಂತ 8: ಮುತ್ತು, ಹವಳ ಮತ್ತು ಜುಮುಕಿ

ಮುತ್ತು, ಹವಳ ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕರಗುವ ವಸ್ತು. ನಿಂಬೆ, ಹುಣಸೆ, ವಿನೆಗರ್ ಇರಲಿ, ಬೆವರು ಕೂಡ ದಿನಗಳೆದಂತೆ ಅದರ ಕಾಂತಿ ಕೀಳುತ್ತದೆ. ಆದ್ದರಿಂದ ಇವಕ್ಕೆ ತಿಂಗಳಿಗೊಮ್ಮೆ ತೊಳೆಯುವ ಲೆಕ್ಕವಿಲ್ಲ, ತೆಗೆದಾಗಲೆಲ್ಲ ಒರೆಸುವ ಲೆಕ್ಕ. ಮಲ್ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಪ್ರತಿ ಮುತ್ತನ್ನೂ ಒಮ್ಮೆ ಸುತ್ತಿ ಒರೆಸಿ, ಒಣ ಬಟ್ಟೆಯ ಮೇಲೆ ಒಂದೆರಡು ಗಂಟೆ ಬಿಡಿ. ಅರಿಶಿನದ ಕಲೆಯಾದರೆ ಕೂಡಲೇ ಒರೆಸಬೇಕು. ಮರುದಿನ ಉಜ್ಜಿ ತೆಗೆಯಲು ಹೋದರೆ ಮುತ್ತಿನ ಮೇಲ್ಪದರವೇ ಸವೆಯುತ್ತದೆ.

ಜುಮುಕಿಯ ಬುಟ್ಟಿ ಟೊಳ್ಳು. ಕೆಳಗೆ ಮುತ್ತಿನ ಗೊಂಚಲು, ಮೇಲೆ ಕೆಂಪಿನ ಕ್ಲೋಸ್ಡ್ ಕೆಲಸ ಇರುವುದೇ ಹೆಚ್ಚು. ಮುಳುಗಿಸಿದರೆ ಒಳಗೆ ನಿಂತ ನೀರು ದಿನವಾದರೂ ಆರುವುದಿಲ್ಲ. ಒಳಗೋಡೆಯನ್ನು ಒದ್ದೆ ಬಟ್ಟೆ ಸುತ್ತಿದ ಹಲ್ಲುಕಡ್ಡಿಯಿಂದ ಒರೆಸಿದರೆ ಆಯಿತು. ಮುತ್ತು ಪೋಣಿಸಿದ ತಂತಿ ತೆಳ್ಳಗಾಗಿದೆಯೇ, ಕುಣಿಕೆ ಬಾಯಿ ತೆರೆದಿದೆಯೇ ಎಂದು ಆಗಲೇ ನೋಡಿಕೊಳ್ಳಿ.

## ಹಂತ 9: ಕ್ಲೋಸ್ಡ್ ಸೆಟ್ಟಿಂಗ್‌ಗೆ ಒರೆಸುವುದಷ್ಟೇ

ಹಿಂಡಿದ ಬಟ್ಟೆಯಿಂದ ಮುಖ ಒರೆಸಿ, ಆ ಕೂಡಲೇ ಒಣ ಬಟ್ಟೆ ಆಡಿಸಿ. ಆ್ಯಂಟಿಕ್ ಬಣ್ಣದ ಓಲೆಯಾದರೆ ಬ್ರಷ್ಷೂ ಬೇಡ. ಕೆತ್ತನೆಯ ಸಂದಿಯಲ್ಲಿರುವ ಕಪ್ಪು ಕೊಳೆಯಲ್ಲ, ಬೇಕೆಂದೇ ಕೊಟ್ಟ ಬಣ್ಣ. ಹಳೆಯ ಕ್ಲೋಸ್ಡ್ ಬೆಂಡೋಲೆಯ ವಜ್ರ ಒಳಗಿನಿಂದ ಮಂಕಾಗಿದ್ದರೆ ಹರಳು ಬಿಚ್ಚಿ, ತೊಳೆದು, ಮತ್ತೆ ಕೂರಿಸುವುದೇ ಪರಿಹಾರ. ಅದು ಹರಳು ಕೂರಿಸುವ ಕಸುಬು ಬಲ್ಲವರ ಕೆಲಸ.

## ಹಂತ 10: ಒಣಗಿಸಿ, ತಿರುಪು ಪರೀಕ್ಷಿಸಿ

ಬಟ್ಟೆಯಿಂದ ಒತ್ತಿ ನೀರು ತೆಗೆದು, ಬೆನ್ನು ಮೇಲಾಗಿ ನೆರಳಿನಲ್ಲಿ ಎರಡು ಗಂಟೆ ಬಿಡಿ. ಪೂರ್ತಿ ಒಣಗಿದ ಮೇಲೆ ತೂಕ ನೋಡಿ. ಕೊಳೆ ಹೋದದ್ದಕ್ಕೆ ಒಂದು ಕೂದಲಿನಷ್ಟು ಇಳಿದಿರಬಹುದು. ಆದ್ದರಿಂದ ತೂಕದ ಜೊತೆ ಹರಳುಗಳನ್ನೂ ಫೋಟೋದೊಡನೆ ಎಣಿಸಿ.

ಈಗ ತಿರುಪು ಹಾಕಿ. ಶುರುವಿನಲ್ಲಿ ನೆಟ್ಟಗೆ ಕೂತು, ತಡೆಯಿಲ್ಲದೆ ಮೂರು ನಾಲ್ಕು ಸುತ್ತು ಹೋಗಿ, ಕೊನೆಯಲ್ಲಿ ತಾನೇ ನಿಲ್ಲಬೇಕು. ಎಷ್ಟು ತಿರುಗಿಸಿದರೂ ನಿಲ್ಲದೆ ಸುತ್ತುತ್ತಿದ್ದರೆ ಥ್ರೆಡ್ ಸವೆದಿದೆ. ಹಾಕಿ ಮೆಲ್ಲಗೆ ಎಳೆದಾಗ ಜಾರಿದರೂ ಅಷ್ಟೇ. ನೂಲು ಸುತ್ತಿ, ಉಗುರುಬಣ್ಣ ಹಚ್ಚಿ ಬಿಗಿ ಮಾಡುವುದು ಓಲೆ ಕಳೆದುಕೊಳ್ಳುವ ದಾರಿ. ತಿರುಪು ಮಾತ್ರ ಬದಲಿಸಿದರೆ ಸಾಕೇ, ಕಡ್ಡಿಯೂ ಸವೆದಿದೆಯೇ ಎಂದು ಅಂಗಡಿಯಲ್ಲಿ ಕೇಳಿ. ಭಾರದ ಬೆಂಡೋಲೆಗೆ ತೆಳು ಕಡ್ಡಿಯ ಬಾಂಬೆ ಸ್ಕ್ರೂಗಿಂತ ದಪ್ಪನೆಯ ಸೌತ್ ಸ್ಕ್ರೂ ಒಳ್ಳೆಯದು, ಕಿವಿಯ ತೂತಿಗೆ ಹಿಡಿಸುವುದಾದರೆ.

## ತೊಡುವುದು, ಎತ್ತಿಡುವುದು

ಎಣ್ಣೆ, ಕ್ರೀಮು, ಪೌಡರು, ಸೆಂಟು ಎಲ್ಲ ಆದಮೇಲೆ ಐದು ನಿಮಿಷ ಬಿಟ್ಟು ಓಲೆ. ಬಂದಮೇಲೆ ಮೊದಲು ತೆಗೆಯುವುದೂ ಓಲೆಯೇ. ಕುರ್ತಾ ತಲೆಯ ಮೇಲಿಂದ ತೆಗೆಯುವ ಮೊದಲು, ಹೆಲ್ಮೆಟ್ ಹಾಕುವ ಮೊದಲು ಜುಮುಕಿ ಕಳಚಿ. ಕಿವಿಯ ತೂತು ಉದ್ದವಾಗುತ್ತಿದ್ದರೆ ಮಾಟಿ ಹಾಕಿ ಭಾರವನ್ನು ಕೂದಲಿಗೆ ಹಂಚಿ. ಕಡ್ಡಿಯನ್ನು ಸ್ಪಿರಿಟ್‌ನಿಂದ ಒರೆಸುವ ಅಭ್ಯಾಸವಿದ್ದರೆ ಕಡ್ಡಿಯನ್ನು ಮಾತ್ರ, ಹರಳಿಗೆ ತಾಗಬಾರದು. ಮನೆಯಲ್ಲಿ ಪಾದರಸದ ಥರ್ಮಾಮೀಟರ್ ಒಡೆದರೆ ಮೈಮೇಲಿನ ಚಿನ್ನವೆಲ್ಲ ತೆಗೆದಿಟ್ಟೇ ಹತ್ತಿರ ಹೋಗಿ, ಪಾದರಸ ಮುಟ್ಟಿದ ಚಿನ್ನ ಬೆಳ್ಳಗಾಗುತ್ತದೆ.

ಎತ್ತಿಡುವಾಗ ತಿರುಪು ಹಾಕಿಯೇ ಇಡಿ, ಒಂದೊಂದು ಜೋಡಿಗೆ ಒಂದೊಂದು ಮೆತ್ತನೆಯ ಚೀಲ. ವಜ್ರದ ಪಕ್ಕ ಬರಿ ಚಿನ್ನವಿಟ್ಟರೂ ಗೀರು, ಕೆಂಪಿಟ್ಟರೂ ಗೀರು. ಮುತ್ತನ್ನು ಪ್ಲಾಸ್ಟಿಕ್ ಚೀಲದಲ್ಲಿ, ಸಿಲಿಕಾ ಪೊಟ್ಟಣದ ಜೊತೆ ಇಡಬೇಡಿ. ತೇವ ಪೂರ್ತಿ ಆರಿದರೆ ಮುತ್ತಿನ ಪದರ ಸೀಳುತ್ತದೆ. ಲಾಕರಿನಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ತೆಗೆದು ನೋಡಿ.

ದಿನವೂ ತೊಡುವ ಓಪನ್ ವಜ್ರದೋಲೆಗೆ ವಾರಕ್ಕೊಮ್ಮೆ ಸ್ನಾನ, ಕೆಂಪು-ನೀಲಕ್ಕೆ ಹದಿನೈದು ದಿನಕ್ಕೊಮ್ಮೆ, ಪಚ್ಚೆಗೆ ತಿಂಗಳಿಗೊಮ್ಮೆ. ಹಲ್ಲು, ತಿರುಪುಗಳನ್ನು ಅಕ್ಕಸಾಲಿಗರಿಗೆ ತೋರಿಸುವುದು ವರ್ಷಕ್ಕೆ ಎರಡು ಸಲ.

## ಅಂಗಡಿಗೆ ಕೊಡುವಾಗ

ಕಣ್ಣೆದುರೇ ತೂಗಿಸಿ. ಚೀಟಿಯಲ್ಲಿ ಒಟ್ಟು ತೂಕ, ಹರಳಿನ ಸಂಖ್ಯೆ, ಹಾಲ್‌ಮಾರ್ಕ್ ಇದ್ದರೆ ಆ ಒಡವೆಯ ಗುರುತಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬರೆಸಿಕೊಳ್ಳಿ. "ತೊಳೆದು ಕೊಡಿ, ಬಫ್ ಪಾಲಿಶ್ ಬೇಡ" ಎಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಚಕ್ರಕ್ಕೆ ಹಿಡಿದಾಗಲೆಲ್ಲ ಹಲ್ಲಿನ ಚಿನ್ನ ಸವೆಯುತ್ತದೆ. ಕಡ್ಡಿ ಬೆಸುಗೆಗೆ ಕೊಡುವಾಗ ಹರಳು ಪಚ್ಚೆಯೋ, ಗಾಜು ತುಂಬಿದ ಕೆಂಪೋ, ಮುತ್ತೋ ಎಂದು ಮೊದಲೇ ತಿಳಿಸಬೇಕು. ಇವು ಬೆಂಕಿಯ ಕಾವು ತಡೆಯುವುದಿಲ್ಲ; ಬಿಚ್ಚಿ ಬೆಸೆಯಬೇಕು, ಇಲ್ಲವೇ ಲೇಸರ್ ಬೆಸುಗೆ ಇರುವಲ್ಲಿಗೆ ಕಳಿಸಬೇಕು.

ಮನೆಬಾಗಿಲಿಗೆ ಬಂದು ಒಡವೆಗೆ ಪಾಲಿಶ್ ಹಾಕುತ್ತೇವೆ ಎನ್ನುವವರ ಕೈಗೆ ಓಲೆ ಕೊಡಲೇಬೇಡಿ. ಅವರ ಪಾತ್ರೆಯಲ್ಲಿರುವುದು ಚಿನ್ನ ಕರಗಿಸುವ ಆಮ್ಲವಾಗಿರಬಹುದು. ಓಲೆ ಫಳಫಳ ಹೊಳೆಯುತ್ತಲೇ ವಾಪಸು ಬರುತ್ತದೆ, ತೂಕ ಮಾತ್ರ ಕಡಿಮೆಯಾಗಿರುತ್ತದೆ, ಮತ್ತು ಹಲ್ಲುಗಳು ತೆಳ್ಳಗಾದ್ದರಿಂದ ಕೆಲವು ವಾರಗಳಲ್ಲಿ ಹರಳುಗಳೂ ಉದುರಲು ಶುರುವಾಗುತ್ತವೆ.